ಒಳಪದರ ಉಳಿಸಿಕೊಂಡು ಮಾಡಿದ ಕಾರ್ನಿಯಾ ಕಸಿ

ಸಕಲೇಶಪುರ ಕಡೆಯ ಹುಡುಗ, 22 ವರ್ಷ. ಹಾಸನದ ನನ್ನ ಕ್ಲಿನಿಕ್ಕಿಗೆ ಕರೆತಂದ ತಾಯಿ, "ಚಿಕ್ಕಂದಿನಿಂದ ಕಣ್ಣು ಉಜ್ಜೋದೇ ಕೆಲಸ ಇವ್ನಿಗೆ, ಡಾಕ್ಟ್ರೇ" ಅಂದರು. "ಸ್ವಲ್ಪ ಕೆಳಗೆ ನೋಡಪ್ಪ" ಅಂದೆ. ಕಣ್ಣಿನ ಉಬ್ಬಿಗೆ ಕೆಳರೆಪ್ಪೆ ಚೂಪಾಗಿ ಬಾಗಿತು. ಬಲಿತ ಕೆರಟೋಕೋನಸ್, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕಾಯಿಲೆ. ತುದಿಯಲ್ಲಿ ಬಿಳಿ ಕಲೆ ಬೇರೆ.

ಬೇಗ ಬಂದಿದ್ದರೆ ರೈಬೋಫ್ಲೇವಿನ್ ಹನಿ ಹಾಕಿ, ಅಲ್ಟ್ರಾವಯೊಲೆಟ್ ಬೆಳಕು ಬಿಟ್ಟು ಅಲ್ಲಿಗೇ ತಡೆಯಬಹುದಿತ್ತು. ಈಗ ಗಟ್ಟಿ ಕಾಂಟ್ಯಾಕ್ಟ್ ಲೆನ್ಸೂ ಕೂರುತ್ತಿರಲಿಲ್ಲ. ಕಸಿಯೇ ಗತಿ.

ಆದರೆ ಪೂರ್ತಿ ಕಾರ್ನಿಯಾ ಯಾಕೆ ತೆಗೀಬೇಕು? ಅವನ ಒಳಪದರ ಚೆನ್ನಾಗೇ ಇತ್ತು. ಅದನ್ನು ಉಳಿಸಿಕೊಂಡರೆ ದೇಹ ಆ ಪದರವನ್ನು ತಿರಸ್ಕರಿಸುವ ಭಯವೇ ಇಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣು ನಾಲ್ವರಿಗೆ ಆಗಿದ್ದೂ ಹೀಗೇ ಪದರ ಬಿಡಿಸಿದ್ದರಿಂದ. ಮನೆಯವರಿಗೆ ಅದನ್ನೇ ಹೇಳಿದೆ, ತಕ್ಷಣ ಅರ್ಥವಾಯಿತು.

ನಾನು ಮಾಡುವುದು ಅನ್ವರ್ ಮತ್ತು ಟೈಖ್ಮನ್ 2002ರಲ್ಲಿ ತೋರಿಸಿದ ಗಾಳಿಗುಳ್ಳೆ ವಿಧಾನ. ಕಾರ್ನಿಯಾವನ್ನು ದುಂಡಗೆ ಅರ್ಧಕ್ಕಿಂತ ಜಾಸ್ತಿ ಆಳಕ್ಕೆ ಕೊರೆದೆ. ಸೂಜಿ ತೂರಿಸಿ ಗಾಳಿ ಒತ್ತಿದೆ. ಮೊದಲು ಏನೂ ಆಗಲಿಲ್ಲ. ಇನ್ನೂ ಸ್ವಲ್ಪ ಒತ್ತಿದಾಗ ನಡುವಿನಿಂದ ಅಂಚಿಗೆ ಬೆಳ್ಳಗಿನ ಬಿಲ್ಲೆಯೊಂದು ಸರ್ರನೆ ಹರಡಿತು. ಪದರ ಬಿಟ್ಟಿತ್ತು. ಆದರೂ ನಂಬಲಿಲ್ಲ. ಪಕ್ಕದಿಂದ ಕಣ್ಣೊಳಗೆ ಒಂದು ಪುಟ್ಟ ಗುಳ್ಳೆ ಬಿಟ್ಟು ನೋಡಿದೆ. ಅದು ನಡುವಿಗೆ ಬರದೆ ಅಂಚಿನಲ್ಲೇ ನಿಂತಿತು. ಕಾರ್ನಿಯಾದ ಪದರಗಳ ನಡುವೆ ದೊಡ್ಡ ಗುಳ್ಳೆ ಇದೆ ಅನ್ನೋದಕ್ಕೆ ಅದೇ ಗುರುತು.

ಗುಳ್ಳೆಯ ನೆತ್ತಿ ಸೀಳುವಾಗ ಈಗಲೂ ಉಸಿರು ಬಿಗಿಹಿಡೀತೀನಿ. ಕೆಳಗೆ ಉಳಿಯುವ ಪರದೆ ತಲೆಗೂದಲಿಗಿಂತ ತೆಳು. ಹಿಂದೊಮ್ಮೆ ಇದೇ ಹಂತದಲ್ಲಿ ನನ್ನ ಕೈಯಲ್ಲಿ ಅದು ಹರಿದು, ಪೂರ್ತಿ ದಪ್ಪದ ಕಸಿಗೇ ಹೋಗಬೇಕಾಯಿತು. ಅವತ್ತಿನಿಂದ ಸೀಳುವ ಜಾಗದ ಮೇಲೆ ಅಂಟು ಜೆಲ್ ಹಾಕದೆ ಬ್ಲೇಡ್ ಮುಟ್ಟಲ್ಲ. ಗಾಳಿ ಮೆಲ್ಲಗೆ ಹೊರಬರುತ್ತದೆ, ಪರದೆ ದಿಢೀರಂತ ಬ್ಲೇಡಿಗೆ ಎದ್ದು ಬರಲ್ಲ. ಈ ಸಲ ಮೇಲಿನ ಭಾಗವನ್ನು ನಾಲ್ಕು ಹೋಳು ಮಾಡಿ ತೆಗೆದಾಗ ಕೆಳಗೆ ತೊಳೆದ ಗಾಜಿನಂಥ ಪರದೆ ಹಾಗೇ ಇತ್ತು.

ದಾನಿಯ ಕಾರ್ನಿಯಾದ ಒಳಪದರಕ್ಕೆ ನೀಲಿ ಬಣ್ಣ ಹಾಕಿ ಸುಲಿದು, ಉಳಿದದ್ದನ್ನು ಕೂರಿಸಿ 16 ಹೊಲಿಗೆ ಹಾಕಿದೆ. ಎಳೆ ಒಂದೇ ಸಮ ಬಿಗಿದಿರಬೇಕು. ಇಲ್ಲದಿದ್ದರೆ ಕಸಿ ಚೆನ್ನಾಗಿದ್ದರೂ ನೋಟ ವಾರೆಯಾಗುತ್ತದೆ.

ಹೊಲಿಗೆಗಳನ್ನು ಈಗ ಒಂದೊಂದಾಗಿ ಬಿಚ್ಚುತ್ತಿದ್ದೇನೆ, ಒಂಬತ್ತು ಉಳಿದಿವೆ. ಕಾಫಿ ಕುಯ್ಲು ಮುಗಿಸಿ ಬರ್ತೀನಿ ಅಂದಿದ್ದಾನೆ. ಕನ್ನಡಕ ಹಾಕ್ಕೊಂಡೇ ತೋಟಕ್ಕಿಳಿ ಅಂತ ಎರಡೆರಡು ಸಲ ಹೇಳಿ ಕಳಿಸಿದೆ. ಗಿಡದ ರೆಂಬೆಯೊಂದು ಬಡಿದರೂ ಸಾಕು, ಹೊಲಿಗೆ ಬಿಡುತ್ತದೆ.