ಜೈಸಲ್ಮೇರ್ ಮರಳುದಿಬ್ಬಗಳಲ್ಲಿ ರಾತ್ರಿ ಆಕಾಶದ ಫೋಟೊ ತೆಗೆಯುವವರಿಗೆ

ಡಿಸೆಂಬರ್‌ ಪ್ರವಾಸದಲ್ಲಿ ಕ್ಷೀರಪಥದ ಉಜ್ವಲ ಕೇಂದ್ರ ಸಿಗುವುದಿಲ್ಲ, ಅದು ಸೂರ್ಯನ ದಿಕ್ಕಿನಲ್ಲೇ ಇರುತ್ತದೆ. ಮಾರ್ಚ್ ಅಮಾವಾಸ್ಯೆಯ ಆಸುಪಾಸು ಹೋಗಿ. ಬೆಳಗಿನ ಜಾವ 4ರಿಂದ 5.30ರವರೆಗೆ ಆಗ್ನೇಯ ದಿಕ್ಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಜೈಸಲ್ಮೇರ್ ಬಳಿಯ ಸಮ್ ದಿಬ್ಬಗಳ ಕ್ಯಾಂಪ್ ದೀಪಗಳಿಂದ ಆದಷ್ಟು ದೂರ ನಿಲ್ಲಿ.

ಫುಲ್‌ಫ್ರೇಮ್ (35 ಎಂಎಂ ಫಿಲ್ಮ್ ಅಳತೆಯ ಸೆನ್ಸರ್) ಕ್ಯಾಮೆರಾ, 14 ಎಂಎಂ ಲೆನ್ಸ್: ಬೆಳಕಿನ ಕಿಂಡಿ (ಅಪರ್ಚರ್) ಎಫ್ 2.8, ಬೆಳಕಿನ ಸಂವೇದನೆ ಐಎಸ್‌ಒ 3200, ಶಟರ್ 20 ಸೆಕೆಂಡ್. 30 ಸೆಕೆಂಡ್‌ಗೆ ಹೋದರೆ ಮೂಲೆಯ ನಕ್ಷತ್ರಗಳು ಗೆರೆಯಾಗುತ್ತವೆ. ಫೋಕಸ್‌ಗೆ ಲೆನ್ಸ್ ಮೇಲಿನ ಅನಂತದ ಗುರುತು ನಂಬಬೇಡಿ. ಲೈವ್ ವ್ಯೂನಲ್ಲಿ (ಕ್ಯಾಮೆರಾ ಪರದೆಯ ನೇರ ದೃಶ್ಯ) ಪ್ರಕಾಶಮಾನ ನಕ್ಷತ್ರವೊಂದನ್ನು 10 ಪಟ್ಟು ಹಿಗ್ಗಿಸಿ, ಅತಿ ಚಿಕ್ಕ ಚುಕ್ಕೆಯಾಗುವವರೆಗೆ ಫೋಕಸ್ ರಿಂಗ್ ತಿರುಗಿಸಿ, ಅದಕ್ಕೆ ಟೇಪ್ ಅಂಟಿಸಿಬಿಡಿ.

ಮರಳು ಮಾತ್ರ ಈ ಎಕ್ಸ್‌ಪೋಶರ್‌ನಲ್ಲಿ ಕಪ್ಪು ಮುದ್ದೆ. ಟ್ರೈಪಾಡ್ ಅಲುಗಿಸದೆ ಐಎಸ್‌ಒ 800, 4 ನಿಮಿಷದ ಇನ್ನೊಂದು ಫ್ರೇಮ್ ತೆಗೆದು ಆಮೇಲೆ ಕಂಪ್ಯೂಟರ್‌ನಲ್ಲಿ ಎರಡನ್ನೂ ಜೋಡಿಸಿ. ಟಾರ್ಚ್ ಹೊಡೆಯುವುದಾದರೆ ನೆಲಮಟ್ಟದಲ್ಲಿ, ಪಕ್ಕದಿಂದ ಹೊಡೆಯಿರಿ. ಆಗಲೇ ಗಾಳಿ ಮೂಡಿಸಿದ ಅಲೆಗಳ ಒಂದೊಂದು ಉಬ್ಬಿಗೂ ನೆರಳು ಬೀಳುತ್ತದೆ. ಕ್ಯಾಮೆರಾ ಕಡೆಯಿಂದ ಹೊಡೆದರೆ ಎಲ್ಲ ಚಪ್ಪಟೆ.

ಟ್ರೈಪಾಡ್ ಕಾಲುಗಳು ಎಕ್ಸ್‌ಪೋಶರ್ ನಡುವೆಯೇ ನಿಧಾನ ಕುಸಿಯುತ್ತವೆ. ಮೊದಲೇ ಒತ್ತಿ ಹೂಳಿ, ಕೆಳಗಿನ ತೆಳು ಭಾಗ ಎಳೆಯಬೇಡಿ, ಲಾಕ್‌ಗೆ ಮರಳು ಹೊಕ್ಕರೆ ಸಿಕ್ಕಿಕೊಳ್ಳುತ್ತದೆ. ಲೆನ್ಸ್ ಬದಲಾವಣೆ ರೂಮಿನಲ್ಲೇ ಮುಗಿಸಿ. ಗಾಜಿನ ಮೇಲೆ ಮರಳು ಕೂತರೆ ಬ್ಲೋವರ್ (ಗಾಳಿ ಊದುವ ರಬ್ಬರ್ ಉಂಡೆ) ಮಾತ್ರ. ಬಟ್ಟೆಯಿಂದ ಒರೆಸಿದರೆ ಗೀರು ಖಂಡಿತ. ಹಗಲಲ್ಲೇ ಚೌಕಟ್ಟು ನೋಡಿಟ್ಟು, ಕ್ಯಾಮೆರಾ ನಿಲ್ಲಿಸುವ ಜಾಗದ ಹಿಂಬದಿಯಿಂದ ನಡೆದು ಬನ್ನಿ, ಹೆಜ್ಜೆಗುರುತು ಅಳಿಸುವುದು ಗಾಳಿಗಷ್ಟೇ ಸಾಧ್ಯ.