ದುರ್ಗದ ಬೇಸಿಗೆಯಲ್ಲಿ ಪತಂಗ ಮತ್ತು ಮರಿಹುಳು ಗುರುತಿಸುವ ಬಗೆ

ಯುಗಾದಿಯ ಹೊತ್ತಿಗೆ ಚಿತ್ರದುರ್ಗದ ಬಯಲು ಒಣಗಿರುತ್ತದೆ. ಹಸಿರು ಉಳಿದಿರುವುದು ಹಿತ್ತಲಿನ ಕಣಗಿಲೆ, ನಂದಿಬಟ್ಟಲು ಮತ್ತು ನೀರಿರುವ ತೋಟದ ಬದುವಿನ ಔಡಲದಲ್ಲಿ. ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಬೇಕು. ಮರಿಹುಳುವಿನ ಬಣ್ಣ ಬೆಳೆದಂತೆಲ್ಲ ಬದಲಾಗುವುದರಿಂದ, ಅದು ಯಾವ ಗಿಡದ ಎಲೆ ತಿನ್ನುತ್ತಿದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಬರೆದಿಟ್ಟುಕೊಳ್ಳಿ. ಗಿಡದ ಹೆಸರಿಲ್ಲದ ಚಿತ್ರದಿಂದ ಹುಳುವನ್ನು ಗುರುತಿಸುವುದು ಬಹಳ ಕಷ್ಟ.

ಕಣಗಿಲೆಯ ಬುಡದಲ್ಲಿ ಕಪ್ಪು ಹಿಕ್ಕೆಯ ಉಂಡೆಗಳು ಬಿದ್ದಿದ್ದರೆ, ನೇರ ಮೇಲಿನ ಕೊಂಬೆಯಲ್ಲಿ ಎಲೆಗಳ ಅಡಿಭಾಗವನ್ನು ನೋಡಿ. ಬಾಲದ ಕಡೆ ಕೊಂಬು, ತಲೆಯ ಹಿಂದೆ ಬಿಳಿ-ನೀಲಿಯ ಎರಡು ದೊಡ್ಡ ಕಣ್ಬೊಟ್ಟುಗಳಿರುವ ಹಸಿರು ಹುಳು ಸಿಕ್ಕಿದರೆ ಅದು ಕಣಗಿಲೆಯ ಗಿಡುಗಪತಂಗದ ಮರಿ. ಹೆದರಿದಾಗ ಅದು ತಲೆಯನ್ನು ಒಳಕ್ಕೆಳೆದು ಆ ಬೊಟ್ಟುಗಳನ್ನು ಉಬ್ಬಿಸಿ ತೋರುವ ರೀತಿ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಕೋಶ ಕಟ್ಟುವ ಮುನ್ನ ಹುಳು ಕಂದುಬಣ್ಣಕ್ಕೆ ತಿರುಗುತ್ತದೆ. ಅದನ್ನು ಬೇರೆ ಜಾತಿಯೆಂದು ಭಾವಿಸಬಾರದು.

ಔಡಲದಲ್ಲಿ ಹೆಚ್ಚು ಎಚ್ಚರ ಬೇಕು. ರೈತರು ಕೊಂಡಲಿ ಹುಳು ಎನ್ನುವುದರ ಹೊಟ್ಟೆಯ ಮೊದಲ ಜೊತೆ ಕಾಲುಗಳು ಚಿಕ್ಕವಾಗಿರುವುದರಿಂದ, ನಡೆಯುವಾಗ ಅದು ಬೆನ್ನನ್ನು ಅರ್ಧ ಕಮಾನಿನಂತೆ ಎತ್ತುತ್ತದೆ. ಅದರ ಪತಂಗದ ಹಿಂರೆಕ್ಕೆ ಕಪ್ಪು, ನಡುವೆ ಬಿಳಿ ಪಟ್ಟಿ. ಅದೇ ಗಿಡದಲ್ಲಿ ಮೈತುಂಬ ಕವಲೊಡೆದ ಮುಳ್ಳುಗಳಿರುವ ಹುಳು ಕಂಡರೆ ಅದು ಔಡಲದ ಚಿಟ್ಟೆಯ ಮರಿಯಿರಬಹುದು. ಕಾಲು ಕಾಣದಂತೆ ಎಲೆಗೆ ಅಂಟಿಕೊಂಡ, ಮುಳ್ಳುಗೊಂಚಲುಗಳಿರುವ ದಪ್ಪ ಹುಳುವನ್ನು ಮಾತ್ರ ಮುಟ್ಟಬೇಡಿ, ಉರಿ ತಾಳಲಾಗದು.

ಅಶ್ವಿನಿ, ಭರಣಿ ಮಳೆ ಹದವಾಗಿ ಬಿದ್ದ ಮೇಲೆ ರಾತ್ರಿಯ ಕೆಲಸ ಆರಂಭವಾಗುತ್ತದೆ. ಬೆಳದಿಂಗಳಿಲ್ಲದ, ಗಾಳಿ ಕಡಿಮೆಯಿರುವ ಸಂಜೆ ಬಿಳಿ ಪಂಚೆಯನ್ನು ಗೋಡೆಗೆ ಕಟ್ಟಿ ಅದರ ಮುಂದೆ ಬಲ್ಬು ಉರಿಸಿ. ಚಳ್ಳಕೆರೆ ಕಡೆಯ ಶೇಂಗಾ ಹೊಲಗಳ ಮಣ್ಣಿನಲ್ಲಿ ಬೇಸಿಗೆಯಿಡೀ ಕೋಶವಾಗಿ ಮಲಗಿದ್ದ ಕೆಂಪು ತಲೆ ಕಂಬಳಿಹುಳುವಿನ ಪತಂಗಗಳು ಜೋರು ಮಳೆಯ ಬಳಿಕ ಮೇಲೆದ್ದು ಬೆಳಕಿಗೆ ಬರುತ್ತವೆ. ಮುಂರೆಕ್ಕೆಯಲ್ಲಿ ಕಂದು ಗೆರೆಗಳು, ಅಂಚಿಗೆ ಹಳದಿ, ಬಿಳಿಯ ಹಿಂರೆಕ್ಕೆಯಲ್ಲಿ ಕಪ್ಪು ಮಚ್ಚೆಗಳು ಇದ್ದರೆ ಗುರುತು ಸರಿ. ಜೋಗಿಮಟ್ಟಿಯಂಥ ಕಾಡಿಗೆ ರಾತ್ರಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗಬಾರದು, ಅಲ್ಲಿ ಕರಡಿಗಳಿವೆ.

ಗುರುತು ಸಿಗದ ಮರಿಹುಳುವನ್ನು ಗಾಳಿಯಾಡುವ ಡಬ್ಬಿಯಲ್ಲಿಟ್ಟು, ಸಿಕ್ಕಿದ ಗಿಡದ್ದೇ ಎಲೆಯನ್ನು ದಿನವೂ ಹೊಸದಾಗಿ ಹಾಕಿ, ತಳದಲ್ಲಿ ಸಡಿಲ ಮಣ್ಣು ಹರಡಿ, ಏಕೆಂದರೆ ಹಲವು ಪತಂಗಗಳು ಮಣ್ಣಿನೊಳಗೆ ಕೋಶವಾಗುತ್ತವೆ. ಕೆಲವೊಮ್ಮೆ ಪತಂಗದ ಬದಲು ಸಣ್ಣ ಕಣಜಗಳೋ ನೊಣಗಳೋ ಹೊರಬರುತ್ತವೆ. ಅವು ಹುಳುವಿನ ಒಳಗೇ ಬೆಳೆದ ಪರಾವಲಂಬಿಗಳಾದ್ದರಿಂದ, ಗಿಡದ ಹೆಸರು ಮತ್ತು ದಿನಾಂಕದೊಡನೆ ಅವನ್ನೂ ದಾಖಲಿಸಿ.