ಮಧುಚಂದ್ರಕ್ಕೆ ದ್ವೀಪ ಆರಿಸುವ ಮುನ್ನ ಗಾಳಿಯ ದಿಕ್ಕು ನೋಡಿ

ಮದುವೆಯ ತಿಂಗಳು ಗೊತ್ತಾದ ಮೇಲೆ ಮೊದಲು ದ್ವೀಪವನ್ನಲ್ಲ, ಕರಾವಳಿಯ ದಿಕ್ಕನ್ನು ಆರಿಸಿಕೊಳ್ಳಿ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೋಗುವುದಾದರೆ ಪೂರ್ವದ ದಡ, ಡಿಸೆಂಬರ್‌ನಿಂದ ಮಾರ್ಚ್‌ವರೆಗಾದರೆ ಪಶ್ಚಿಮ ಅಥವಾ ನೈಋತ್ಯದ ದಡ. ಶ್ರೀಲಂಕಾದಲ್ಲಿ ಜುಲೈಗೆ ಟ್ರಿಂಕೋಮಲಿ, ಜನವರಿಗೆ ಬೆಂಟೋಟ ಅಥವಾ ಮಿರಿಸ್ಸಾ. ಥಾಯ್ಲೆಂಡ್‌ನಲ್ಲಿ ಜುಲೈಗೆ ಕೊ ಸಮುಯಿ, ಜನವರಿಗೆ ಫುಕೆಟ್. ನೈಋತ್ಯ ಮಾರುತ ಹೊತ್ತು ತಂದ ಮಳೆಯ ಬಹುಪಾಲು ಬೆಟ್ಟಗಳ ಪಶ್ಚಿಮ ಬದಿಗೇ ಸುರಿದುಹೋಗುತ್ತದೆ, ಪೂರ್ವದ ಬದಿಗೆ ಬರುವ ಗಾಳಿ ಒಣಗಿರುತ್ತದೆ. ಪಶ್ಚಿಮ ಘಟ್ಟದ ಎರಡು ಮಗ್ಗುಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಜ ಹೇಳಬೇಕೆಂದರೆ ಮಳೆಗಿಂತ ಅಲೆಯೇ ದೊಡ್ಡ ತೊಂದರೆ. ಮಳೆ ಒಂದು ಗಂಟೆ ಸುರಿದು ನಿಲ್ಲಬಹುದು, ಆದರೆ ಗಾಳಿಗೆ ಎದುರಾದ ದಡದಲ್ಲಿ ದಿನಗಟ್ಟಲೆ ಕೆಂಪು ಬಾವುಟ ಹಾರುತ್ತಿರುತ್ತದೆ. ನೀರಿಗಿಳಿಯುವಂತಿಲ್ಲ, ದೋಣಿ ಹೊರಡುವುದಿಲ್ಲ, ತಳದ ಮರಳೆದ್ದು ನೀರು ಕದಡಿ ಹವಳವೂ ಕಾಣುವುದಿಲ್ಲ. ಕೋಣೆಯಲ್ಲೇ ಕುಳಿತಿರುವುದಕ್ಕೆ ಅಷ್ಟು ದೂರ ಹೋಗಬೇಕೇ? ಹಂಗಾಮಲ್ಲದ ಕಾಲದ ಭಾರಿ ರಿಯಾಯಿತಿ ಎಂದು ಕಂಡರೆ ಒಮ್ಮೆ ನಕ್ಷೆ ತೆಗೆದು ದಡ ಯಾವ ಕಡೆಗೆ ಮುಖ ಮಾಡಿದೆ ಎಂದು ನೋಡಿ. ಈ ಲೆಕ್ಕ ಮಾಲ್ಡೀವ್ಸ್‌ನಲ್ಲಿ ನಡೆಯುವುದಿಲ್ಲ, ಮಳೆಯನ್ನು ತಡೆಯಲು ಅಲ್ಲಿ ಬೆಟ್ಟವೇ ಇಲ್ಲ. ಅಲ್ಲಿಗೆ ಜನವರಿಯಿಂದ ಏಪ್ರಿಲ್ ಒಳಗೆ ಹೋಗುವುದೇ ಲೇಸು. ಶ್ರೀಲಂಕಾದಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿಯೂ ಕೈಕೊಡುತ್ತದೆ: ಗಾಳಿ ದಿಕ್ಕು ಬದಲಿಸುವ ಆ ದಿನಗಳಲ್ಲಿ ಮಧ್ಯಾಹ್ನದ ಗುಡುಗುಮಳೆ ಎರಡೂ ದಡಗಳಿಗೆ ಬರುತ್ತದೆ.